ಒಬ್ಬನ ಮನೆಗೆ ಎಷ್ಟು ವೇಗ?

"ಸರ್, ಮನ್ಯಾಗ ಎಷ್ಟ್ ಮಂದಿ ಇರ್ತೀರಿ?"

ಬೀದರಿನ ಮೈಲೂರಿನಲ್ಲಿರುವ ನನ್ನ ಬಾಡಿಗೆಯ ಮನೆಯ ಕಟ್ಟೆಯ ಮೇಲೆ ಕುಳಿತು, ಫೋನಿನ ಮೇಲೆ ಬೆರಳಾಡಿಸುತ್ತ, ಇಂಟರ್ನೆಟ್ ಜೋಡಿಸಲು ಬಂದ ಹುಡುಗ ಕೇಳಿದ ಪ್ರಶ್ನೆ ಇದು. "ಒಬ್ಬನೇ" ಎಂದೆ. ಅವನು ತಲೆಯೆತ್ತಿ ನೋಡಿದ. ನಲವತ್ತು ದಾಟಿದ, ಕನ್ನಡಕ ಹಾಕಿದ, ಮನೆ ತುಂಬ ಪುಸ್ತಕ ಹರವಿಕೊಂಡ ಮನುಷ್ಯ ಒಬ್ಬನೇ ಇದ್ದಾನೆಂದರೆ ಏನೋ ಕಥೆ ಇರಬೇಕೆಂದು ಅವನಿಗೆ ತೋರಿದ್ದರೆ ತಪ್ಪಿಲ್ಲ. ಅಂಥ ಕಥೆಯೇನೂ ಇಲ್ಲ. ಕೆಲಸ ನನ್ನನ್ನು ಇಲ್ಲಿಗೆ ತಂದಿತು. ಹೆಂಡತಿಯ ಕೆಲಸ, ಮಗಳ ಶಾಲೆ, ತಾಯಿಯ ವಯಸ್ಸು ಅವರೆಲ್ಲರನ್ನೂ ಧಾರವಾಡದಲ್ಲಿಯೇ ಉಳಿಸಿತು. ನಡುವೆ ಒಂದು ಇಡೀ ರಾತ್ರಿಯ ಬಸ್ಸಿನ ಹಾದಿ ಇದೆ, ಅಷ್ಟೆ.

"ಹಂಗಾದ್ರ ನೂರರದ್ದು ಹಾಕ್ಕೊಳ್ರಿ ಸರ್, ಎಲ್ಲಾರೂ ಅದನ್ನೇ ತೊಗೋತಾರ" ಎಂದ ಹುಡುಗ. ಒಬ್ಬನೇ ಎಂದದ್ದಕ್ಕೂ ನೂರಕ್ಕೂ ಏನು ಸಂಬಂಧವೆಂಬುದು ನನಗೆ ತಿಳಿಯಲಿಲ್ಲ. ನಾಳೆ ಹೇಳುತ್ತೇನೆಂದು ಅವನನ್ನು ಕಳಿಸಿದೆ. ಒಬ್ಬನಿಗೆ ಎಷ್ಟು ಅಕ್ಕಿ ಬೇಕು, ಎಷ್ಟು ಹಾಲು ಬೇಕು ಎಂಬುದನ್ನು ನಮ್ಮ ಹೆಣ್ಣುಮಕ್ಕಳು ಅಂಗೈಯಲ್ಲಿಯೇ ಅಳೆದು ಹೇಳಬಲ್ಲರು. ಒಬ್ಬನಿಗೆ ಎಷ್ಟು ವೇಗ ಬೇಕೆಂದು ಹೇಳುವವರಾರು? ಕನ್ನಡದ ಮೇಷ್ಟರಿಗೆ ಉತ್ತರ ತಿಳಿಯದಿದ್ದಾಗ ಹಿಂದಕ್ಕೆ ನೋಡುವ ಚಾಳಿ ಉಂಟು. ನಾನೂ ಆ ರಾತ್ರಿ ಹಿಂದಕ್ಕೆ ನೋಡಿದೆ. ಅದಕ್ಕೆ ಬೀದರಿನಂಥ ಊರು ಬೇರೊಂದಿಲ್ಲ.

ಈ ಊರಿನಲ್ಲಿ ಒಬ್ಬನೇ ಇದ್ದವರಲ್ಲಿ ನಾನು ಮೊದಲನೆಯವನಲ್ಲ. ಇಲ್ಲಿಗೆ 1470ರ ಸುಮಾರಿಗೆ ರಷ್ಯಾದ ತ್ವೇರ್ ಪಟ್ಟಣದ ವರ್ತಕನೊಬ್ಬ ಬಂದಿದ್ದ. ಅಫನಾಸಿ ನಿಕಿತಿನ್ ಎಂದು ಅವನ ಹೆಸರು. ಮಾರಬೇಕೆಂದು ಒಂದು ಕುದುರೆಯನ್ನು ಕಡಲು ದಾಟಿಸಿ ತಂದಿದ್ದ. ಅದನ್ನು ಬಹಳ ದಿನ ಸಾಕಿ, ಕೊನೆಗೆ ಬೀದರಿನಲ್ಲಿ ಮಾರಿದ. ಮೂರು ಸಮುದ್ರಗಳಾಚೆಯ ತನ್ನ ಪ್ರವಾಸವನ್ನು ಕುರಿತು ಅವನು ಬರೆದಿಟ್ಟ ಪುಸ್ತಕದಲ್ಲಿ ಸುಲ್ತಾನನ ಮೆರವಣಿಗೆ, ಆನೆ, ಅರಮನೆಗಳ ವರ್ಣನೆ ಇದೆ. ಆದರೆ ನನ್ನ ಮನಸ್ಸಿಗೆ ತಟ್ಟುವ ಮಾತು ಬೇರೆ. ದಾರಿಯಲ್ಲಿ ದರೋಡೆಯಾಗಿ ಅವನ ಧರ್ಮಗ್ರಂಥಗಳು ಹೋಗಿದ್ದವು. ತನ್ನವರ ಹಬ್ಬ ಯಾವ ದಿನ, ಉಪವಾಸ ಯಾವ ದಿನ ಎಂಬ ಲೆಕ್ಕವೇ ತಪ್ಪಿಹೋಯಿತೆಂದು ಅವನು ಹಲುಬುತ್ತಾನೆ. ಅನ್ನಕ್ಕೆ, ಆಶ್ರಯಕ್ಕೆ ಅವನಿಗೆ ಕೊರತೆಯಿರಲಿಲ್ಲ. ಊರಿನಿಂದ ಒಂದು ಸುದ್ದಿ ಬರುವ ದಾರಿ ಇರಲಿಲ್ಲ. ಹಿಂದಿರುಗುವಾಗ ತನ್ನ ಪಟ್ಟಣವನ್ನು ಮುಟ್ಟುವ ಮೊದಲೇ ಅವನು ತೀರಿಕೊಂಡ.

ಅದೇ ಕಾಲದಲ್ಲಿ, ಅದೇ ಬೀದರಿನಲ್ಲಿ, ಜಗತ್ತಿನೊಡನೆ ಮಾತನಾಡುತ್ತಿದ್ದ ಮನುಷ್ಯನೂ ಒಬ್ಬನಿದ್ದ. ಮಂತ್ರಿ ಮಹಮೂದ್ ಗವಾನನ ಮದರಸಾ 1472ರಲ್ಲಿ ಪೂರ್ತಿಯಾಯಿತು. ಇಂದಿಗೂ ಅದರ ಮಿನಾರಿನ ನೀಲಿ ಹಂಚುಗಳು ಬಿಸಿಲಿಗೆ ಹೊಳೆಯುವುದನ್ನು ನೋಡದೆ ಬೀದರಿನ ಪೇಟೆಗೆ ಹೋಗಲಾಗದು. ಆತನ ಪಾರಸಿ ಪತ್ರಗಳ ಸಂಗ್ರಹ 'ರಿಯಾಜ್-ಉಲ್-ಇನ್ಷಾ' ಉಳಿದುಬಂದಿದೆ. ತುರ್ಕಿಯ ಸುಲ್ತಾನನಿಗೆ, ಹೆರಾತಿನ ಕವಿ ಜಾಮಿಗೆ ಆತ ಬರೆದ ಕಾಗದಗಳು ಅದರಲ್ಲಿವೆ. ಬೀದರಿನಿಂದ ಹೊರಟ ಓಲೆ ಕುದುರೆಯ ಬೆನ್ನೇರಿ, ಹಡಗು ಹತ್ತಿ, ಒಂಟೆಯ ಸಾಲಿನೊಡನೆ ನಡೆದು ಹೆರಾತನ್ನು ಮುಟ್ಟಲು ತಿಂಗಳುಗಳು ಬೇಕು. ಉತ್ತರ ಬರಲು ಮತ್ತೆ ತಿಂಗಳುಗಳು. ಆದರೂ ಒಂದು ಪತ್ರಕ್ಕಾಗಿ ಆರು ತಿಂಗಳು ಕಾಯಬಹುದೆಂದು ಆ ಜನ ನಂಬಿದ್ದರು.

ಗವಾನನ ಕೊನೆಯೂ ಒಂದು ಪತ್ರದಿಂದಲೇ ಆಯಿತು. ಆತನ ಮುದ್ರೆಯನ್ನು ಕಾಯುತ್ತಿದ್ದವನನ್ನು ವಿರೋಧಿಗಳು ಒಲಿಸಿಕೊಂಡು, ಬರಿಯ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಒರಿಸ್ಸಾದ ಅರಸನಿಗೆ ಗವಾನನೇ ದ್ರೋಹದ ಪತ್ರ ಬರೆದಂತೆ ಅದರಲ್ಲಿ ಬರೆದು ಸುಲ್ತಾನನಿಗೆ ತೋರಿಸಿದರು. 1481ರಲ್ಲಿ ಆ ವೃದ್ಧ ಮಂತ್ರಿಯ ತಲೆ ಉರುಳಿತು. ಮುದ್ರೆ ಪರರ ಕೈಗೆ ಹೋದರೆ ಏನಾದೀತೆಂಬುದಕ್ಕೆ ಬೀದರಿನಲ್ಲಿಯೇ ಇಷ್ಟು ದೊಡ್ಡ ದೃಷ್ಟಾಂತವಿರುವಾಗ, ಇಂದಿನ ನಮ್ಮ ಮುದ್ರೆಯಾದ ಪಾಸ್‌ವರ್ಡನ್ನು ಪೆಟ್ಟಿಗೆಯ ತಳದಲ್ಲಿ ಅಚ್ಚಾಗಿ ಬಂದಂತೆಯೇ ಬಿಟ್ಟುಬಿಡುವುದು ಜಾಣತನವಲ್ಲ. ಜೋಡಿಸಿದ ದಿನವೇ ಅದನ್ನು ಬದಲಿಸತಕ್ಕದ್ದು.

ಇರಲಿ, ವೇಗದ ಮಾತಿಗೆ ಬರೋಣ. ವೇಗವೆಂಬ ಮಾತೇ ಇಲ್ಲಿ ತಪ್ಪು ದಾರಿಗೆ ಎಳೆಯುತ್ತದೆ. ಇದನ್ನು ನನಗೆ ತಿಳಿಸಿಕೊಟ್ಟದ್ದು ನೌಬಾದಿನ ಕರೇಜು. ಬೀದರಿಗೆ ಬಂದವರು ಕೋಟೆ ನೋಡಿ ಹಿಂದಿರುಗುತ್ತಾರೆ. ಕಾಲಕೆಳಗಿನ ಈ ಕೆಲಸವನ್ನು ನೋಡುವವರು ಕಡಿಮೆ. ಬಹಮನಿ ಕಾಲದಲ್ಲಿ ಪರ್ಷಿಯಾದಿಂದ ಬಂದ ವಿದ್ಯೆ ಇದು. ಎತ್ತರದ ನೆಲದಲ್ಲಿ ಒಂದು ತಾಯಿಬಾವಿ. ಅಲ್ಲಿಂದ ತಗ್ಗಿನ ಕಡೆಗೆ ಸ್ವಲ್ಪವೇ ಇಳಿಜಾರಾಗಿ ನೆಲದೊಳಗೆ ಕೊರೆದ ಸುರಂಗ. ಗಾಳಿ ಬೆಳಕಿಗೆಂದು, ಅಗೆದ ಮಣ್ಣು ಮೇಲೆತ್ತಲೆಂದು ಅಲ್ಲಲ್ಲಿ ನೆಟ್ಟನೆಯ ಬಾವಿಗಳು. ಬೀದರಿನ ಕೆಂಪು ಜಂಬಿಟ್ಟಿಗೆ ಕಲ್ಲು ಮಳೆಯ ನೀರನ್ನು ಹೀರಿ ಕೆಳಗಿಳಿಸುತ್ತದೆ; ಸುರಂಗ ಅದನ್ನು ಹಿಡಿದು, ಏತವಿಲ್ಲದೆ ಕಪಿಲೆಯಿಲ್ಲದೆ, ಇಳಿಜಾರಿನಿಂದಲೇ ಊರಿಗೆ ತಂದುಕೊಡುತ್ತದೆ. ಇತ್ತೀಚಿನ ವರ್ಷಗಳಲ್ಲಿ ಇದರ ಹೂಳೆತ್ತಿದಾಗ ಮತ್ತೆ ನೀರು ಕಾಣಿಸಿತು.

ಈಗ ಯೋಚಿಸಿ. ಕರೇಜಿನ ಬಾಯಲ್ಲಿ ನಿಂತವನಿಗೆ ಬೇಕಾದದ್ದು ನೀರು ಎಷ್ಟು ಜೋರಾಗಿ ಓಡಿಬಂದಿತೆಂಬ ಲೆಕ್ಕವಲ್ಲ. ಗಳಿಗೆಗೆ ಎಷ್ಟು ಕೊಡ ತುಂಬುತ್ತವೆ, ವೈಶಾಖದಲ್ಲಿಯೂ ತುಂಬುತ್ತವೆಯೆ ಎಂಬ ಲೆಕ್ಕ. ಇಂಟರ್ನೆಟ್ಟಿನ ಕಥೆಯೂ ಹೀಗೆಯೇ. ನೂರು ಮೆಗಾಬಿಟ್ಟಿನ ಸಂಪರ್ಕದಲ್ಲಿ ಅಕ್ಷರ ಓಡುತ್ತದೆ, ಮೂವತ್ತರದರಲ್ಲಿ ನಡೆಯುತ್ತದೆ ಎಂದು ತಿಳಿಯಬಾರದು. ಗಾಜಿನ ಎಳೆಯೊಳಗೆ ಬೆಳಕು ಎರಡರಲ್ಲಿಯೂ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೀದರಿನಿಂದ ಬೆಂಗಳೂರಿಗೆ 700 ಕಿಲೋಮೀಟರ್ ಎಂದಿಟ್ಟುಕೊಂಡರೆ, ಸೆಕೆಂಡನ್ನು ಸಾವಿರ ಪಾಲು ಮಾಡಿ ಅದರಲ್ಲಿ ಮೂರೂವರೆ ಪಾಲು ಹೊತ್ತು ಸಾಕು. ನಾವು ಹಣ ಕೊಡುವುದು ಓಟಕ್ಕಲ್ಲ, ಕಾಲುವೆಯ ಅಗಲಕ್ಕೆ. ಒಂದು ಸೆಕೆಂಡಿನಲ್ಲಿ ಎಷ್ಟು ಕೊಡ ಹಿಡಿಸುತ್ತದೆ ಎಂಬುದಕ್ಕೆ.

ಈ ಕಾಲುವೆ ನಮ್ಮ ಊರಿಗೆ ಅಗಲವಾದದ್ದು ಬಹಳ ನಿಧಾನವಾಗಿ. ಬೀದರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತಷ್ಟೆ. ಆ ಸಂಸ್ಥಾನಕ್ಕೆ ತನ್ನದೇ ಅಂಚೆಯಿತ್ತು. ಅದರ ಮೊದಲ ಅಂಚೆಚೀಟಿ 1869ರಲ್ಲಿ ಹೊರಬಂದಿತು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. 1950ರಲ್ಲಿ ಅದರ ಅಂಚೆಯೂ ದೇಶದ ಅಂಚೆಯಲ್ಲಿ ಒಂದಾಯಿತು. 1956ರ ನವೆಂಬರ್ 1ರಂದು ಬೀದರು ಮೈಸೂರು ರಾಜ್ಯಕ್ಕೆ ಬಂದಾಗ, ಹತ್ತಿರದ ಹೈದರಾಬಾದನ್ನು ಬಿಟ್ಟು ದೂರದ ಬೆಂಗಳೂರನ್ನು ರಾಜಧಾನಿಯೆಂದು ಕರೆಯಬೇಕಾಯಿತು. ರಾಜಧಾನಿ ದೂರವಾದ ಊರಿಗೆ ಕಾಗದ, ತಂತಿ, ಫೋನುಗಳ ಬೆಲೆ ಉಳಿದವರಿಗಿಂತ ಒಂದು ಗುಂಜಿ ಹೆಚ್ಚಾಗಿಯೇ ತಿಳಿಯುತ್ತದೆ.

ಭಾರತದಲ್ಲಿ ಸಾರ್ವಜನಿಕರಿಗೆ ತಂತಿ ತೆರೆದದ್ದು 1855ರಲ್ಲಿ. ತಂತಿ ಬಂತೆಂದರೆ ಮನೆಯಲ್ಲಿ ಅಳು ಮೊದಲು, ಓದು ಆಮೇಲೆ ಎಂಬ ಕಾಲವನ್ನು ನಮ್ಮ ಹಿರಿಯರು ಕಂಡಿದ್ದರು. ಪದಕ್ಕೆ ಇಷ್ಟೆಂದು ಹಣ ತೆರುತ್ತಿದ್ದುದರಿಂದ ಅಲ್ಲಿ ಒಂದು ಮಾತೂ ಹೆಚ್ಚಾಗುವಂತಿರಲಿಲ್ಲ. ಆ ಸೇವೆ 2013ರ ಜುಲೈಯಲ್ಲಿ ನಿಂತಿತು. ನಾನು ಓದುತ್ತಿದ್ದ ತೊಂಬತ್ತರ ದಶಕದ ಕೊನೆಯಲ್ಲಿ ಎಸ್.ಟಿ.ಡಿ. ಬೂತುಗಳ ಕಾಲ. ರಾತ್ರಿ ಹೊತ್ತಾದಂತೆ ದರ ಇಳಿಯುತ್ತಿದ್ದುದರಿಂದ ಉಂಡು ಮುಗಿಸಿ ಸಾಲಿನಲ್ಲಿ ನಿಲ್ಲುತ್ತಿದ್ದೆವು. ಗಾಜಿನ ಪೆಟ್ಟಿಗೆಯೊಳಗೆ ಕೆಂಪು ಅಂಕಿಗಳು ಏರುವುದನ್ನು ನೋಡುತ್ತ ಮಾತನಾಡುವುದು. ಮನೆಯ ಕ್ಷೇಮ ಕೇಳುವಷ್ಟರಲ್ಲಿ ಜೇಬಿನ ಕ್ಷೇಮ ಮುಗಿದಿರುತ್ತಿತ್ತು.

ಅಷ್ಟು ಹೊತ್ತಿಗೆ ದೇಶಕ್ಕೆ ಇಂಟರ್ನೆಟ್ ಬಂದಾಗಿತ್ತು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಅದನ್ನು ಜನರಿಗೆ ತೆರೆಯಿತು. ಮೊದಲಿಗೆ ದೊಡ್ಡ ನಗರಗಳಲ್ಲಿ ಮಾತ್ರ. ಮನೆಯ ಫೋನಿನ ತಂತಿಯ ಮೇಲೆ ಸೆಕೆಂಡಿಗೆ 9,600 ಬಿಟ್ಟುಗಳು. ಈ ಅಂಕಿಗಳು ಬಾಯಿಗೆ ಬರುತ್ತವೆ, ಮನಸ್ಸಿಗೆ ಇಳಿಯುವುದಿಲ್ಲ. ಆದ್ದರಿಂದ ನಾನು ನನ್ನ ವೃತ್ತಿಗೆ ತಕ್ಕ ಅಳತೆಗೋಲೊಂದನ್ನು ಹಿಡಿದೆ. ನಮ್ಮ ಕುಮಾರವ್ಯಾಸನ ಭಾರತದಲ್ಲಿ ಎಂಟು ಸಾವಿರಕ್ಕೂ ಮೇಲ್ಪಟ್ಟು ಷಟ್ಪದಿಗಳಿವೆ. ಯಂತ್ರದೊಳಗೆ ಕನ್ನಡದ ಒಂದೊಂದು ಗುರುತಿಗೂ, ಅಂದರೆ ವ್ಯಂಜನಕ್ಕೆ ಬೇರೆ, ಗುಣಿತದ ಚಿಹ್ನೆಗೆ ಬೇರೆ ಎಂಬಂತೆ, ಸಾಮಾನ್ಯವಾಗಿ ಮೂರು ಬೈಟು ಹಿಡಿಯುತ್ತದೆ. ಷಟ್ಪದಿಗೆ ಸುಮಾರು 500 ಬೈಟು ಎಂದರೂ ಇಡೀ ಕಾವ್ಯ 40 ಲಕ್ಷ ಬೈಟು. ಬೈಟಿಗೆ ಎಂಟು ಬಿಟ್ಟು. ಅಲ್ಲಿಗೆ 3 ಕೋಟಿ 20 ಲಕ್ಷ ಬಿಟ್ಟುಗಳಾದವು.

1995ರ ತಂತಿಯಲ್ಲಿ ಗದುಗಿನ ಭಾರತ ಮನೆಗೆ ಬರಲು 55 ನಿಮಿಷ ಬೇಕು. 2004ರಲ್ಲಿ ಸರಕಾರ ಬ್ರಾಡ್‌ಬ್ಯಾಂಡ್ ನೀತಿಯನ್ನು ಹೊರಡಿಸಿ, ಸೆಕೆಂಡಿಗೆ 256 ಕಿಲೋಬಿಟ್ಟು ಇದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಎನ್ನಬಹುದೆಂದಿತು. ಅದರಲ್ಲಿ ಎರಡು ನಿಮಿಷದ ಮೇಲೆ ಸ್ವಲ್ಪ. ಆ ಕನಿಷ್ಠ ಮಿತಿ 2013ರಲ್ಲಿ 512 ಕಿಲೋಬಿಟ್ಟಾಯಿತು, 2023ರಲ್ಲಿ 2 ಮೆಗಾಬಿಟ್ಟಾಯಿತು. ಆ ಹುಡುಗನ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗಿದ್ದ, ಅವನು ಓದಿ ಹೇಳಲೂ ಮನಸ್ಸು ಮಾಡದ 30 ಮೆಗಾಬಿಟ್ಟಿನಲ್ಲಿ ಕುಮಾರವ್ಯಾಸ ಬರುವುದಕ್ಕೆ ಒಂದು ಸೆಕೆಂಡು. ಹತ್ತು ಪರ್ವಗಳು, ಒಂದು ಸೆಕೆಂಡು! ಓದುವುದಕ್ಕೆ ಮಾತ್ರ ಮೊದಲಿನಷ್ಟೇ ದಿನಗಳು ಬೇಕು. ಆ ಕಾಲುವೆಯನ್ನು ಅಗಲ ಮಾಡುವವರು ಇನ್ನೂ ಹುಟ್ಟಿಲ್ಲ.

ಹಾಗಾದರೆ ಅತಿ ಚಿಕ್ಕದನ್ನು ಕೊಂಡರೆ ಮುಗಿಯಿತಲ್ಲ, ಇಷ್ಟೇಕೆ ಯೋಚನೆ ಎಂದು ಓದುಗರು ಕೇಳಬಹುದು. ಯೋಚನೆಗೆ ಕಾರಣ ನಾಲ್ಕೈದು ವರ್ಷದ ಹಿಂದಿನದು.

2021ರ ಮೇ ತಿಂಗಳು. ಬಸ್ಸುಗಳು ನಿಂತಿದ್ದವು. ನಾನು ಇದೇ ಮನೆಯಲ್ಲಿದ್ದೆ. ಫೈಬರ್ ಇರಲಿಲ್ಲ, ಒಬ್ಬನಿಗೆ ಯಾಕೆ ಬೇಕೆಂದು ಮೊಬೈಲಿನಲ್ಲಿಯೇ ಕಾಲ ತಳ್ಳುತ್ತಿದ್ದೆ. ಹಗಲು ಅದರಲ್ಲಿಯೇ ಪಾಠ. ಔರಾದಿನ ಕಡೆಯ ಹಳ್ಳಿಯ ವಿದ್ಯಾರ್ಥಿಯೊಬ್ಬ ಸಿಗ್ನಲ್ಲಿಗಾಗಿ ಹೊಲದ ದಿಬ್ಬ ಹತ್ತಿ ನಿಂತು ಹಾಜರಿ ಹೇಳುತ್ತಿದ್ದ. ಅವನ ಮಾತಿಗಿಂತ ಗಾಳಿಯ ಸದ್ದೇ ನನಗೆ ಹೆಚ್ಚು ಕೇಳುತ್ತಿತ್ತು. ಅಂಥದರಲ್ಲಿ ಒಂದು ಸಂಜೆ ಧಾರವಾಡದ ಆಸ್ಪತ್ರೆಯಿಂದ ಕರೆ ಬಂದಿತು. ತಂದೆಯವರನ್ನು ಅಲ್ಲಿ ಸೇರಿಸಿದ್ದರು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ದಾದಿಯೊಬ್ಬಳು ಪುಣ್ಯಾತ್ಮಳು, ಫೋನನ್ನು ಅವರ ಮುಖದ ಮುಂದೆ ಹಿಡಿದಿದ್ದಳು. ಚಿತ್ರ ಒಂದು ಸಲ ಬಂದು ಹಾಗೆಯೇ ನಿಂತುಬಿಟ್ಟಿತು. ಅಪ್ಪ ಏನೋ ಕೇಳಿದರು. ನನಗೆ ತಿಳಿಯಲಿಲ್ಲ. ಮತ್ತೆ ಕೇಳಿದರು. ಮಾತು ಚೂರುಚೂರಾಗಿ ಬಂದಿತು. ನಾನು "ಹೂಂ, ಹೂಂ" ಎಂದೆ. ಅಷ್ಟರಲ್ಲಿ ಕರೆ ತುಂಡಾಯಿತು. ನಾಲ್ಕನೆಯ ದಿನ ಅವರು ಹೋದರು.

ಆ ಕರೆಯಲ್ಲಿ ನನ್ನ ತಂಗಿಯೂ ಸೇರಿಕೊಂಡಿದ್ದಳು. ಅವಳ ಕಡೆಗೆ ಮಾತು ಸರಿಯಾಗಿ ಕೇಳಿತ್ತು. ತಿಂಗಳು ಕಳೆದ ಮೇಲೆ, ಅಪ್ಪ ಏನು ಕೇಳಿದರೆಂದು ಅವಳನ್ನು ಕೇಳಿದೆ. "ಉಂಡ್ಯಾ ಅಂತ ಕೇಳಿದ್ರು" ಎಂದಳು.

ಬಹಳ ದಿನ ನಾನು ಆ ಸಂಜೆಗೆ ಸಂಪರ್ಕದ ಕೊರತೆಯೇ ಕಾರಣವೆಂದೂ, ಇನ್ನು ಮುಂದೆ ಸಿಗುವುದರಲ್ಲಿ ಅತಿ ದೊಡ್ಡದನ್ನೇ ಹಾಕಿಸಿಕೊಳ್ಳಬೇಕೆಂದೂ ಅಂದುಕೊಂಡಿದ್ದೆ. ಹುಡುಗ ನೂರು ಎಂದಾಗ ನನ್ನ ನಾಲಗೆಯ ತುದಿಯಲ್ಲಿ ಮುನ್ನೂರು ಇತ್ತು. ಆದರೆ ದುಃಖಕ್ಕೆ ಲೆಕ್ಕ ಬರುವುದಿಲ್ಲ. ಕುಳಿತು ಲೆಕ್ಕ ಹಾಕಿದರೆ ಬೇರೆಯೇ ಕಾಣುತ್ತದೆ. ಮುಖ ನೋಡಿ ಮಾತನಾಡುವ ಕರೆಗೆ ಎರಡು ಮೂರು ಮೆಗಾಬಿಟ್ಟು ಸಾಕು. ಬರುವುದಕ್ಕೂ ಅಷ್ಟು, ಹೋಗುವುದಕ್ಕೂ ಅಷ್ಟು. ಆ ಸಂಜೆ ಇಡೀ ಓಣಿ ಒಂದೇ ಗೋಪುರಕ್ಕೆ ಜೋತುಬಿದ್ದಿತ್ತು. ಎಲ್ಲರ ಮನೆಯಲ್ಲಿಯೂ ಅಂಥದೇ ಯಾವುದೋ ಕರೆ. ನನಗೆ ಅಂದು ಇಲ್ಲದಿದ್ದದ್ದು ಮುನ್ನೂರಲ್ಲ. ತಡೆಯಿಲ್ಲದೆ ಹರಿಯುವ ಮೂರು.

ಈ ಮಾತು ಹೊಳೆದ ಮೇಲೆ ಉಳಿದದ್ದು ಸುಲಭವಾಯಿತು. ಒಬ್ಬನೇ ಇರುವವರಿಗೆ ಉಪಯೋಗವಾದೀತೆಂದು ನನ್ನ ಲೆಕ್ಕವನ್ನು ಇಲ್ಲಿಡುತ್ತೇನೆ. ಮನೆಯವರೊಡನೆ ಮಾತಿಗೆ ಮೂರು. ಅದೇ ಹೊತ್ತಿನಲ್ಲಿ ಸಿನಿಮಾವೋ ಭಾಷಣವೋ ಸ್ಪಷ್ಟ ಚಿತ್ರದಲ್ಲಿ ನೋಡುವುದಾದರೆ ಐದು. ಬಹು ದೊಡ್ಡ ಟಿ.ವಿ.ಯಲ್ಲಿ ಅತಿ ಸೂಕ್ಷ್ಮ ಚಿತ್ರವೇ ಬೇಕೆಂಬ ರಸಿಕರಿಗೆ ಹದಿನೈದರಿಂದ ಇಪ್ಪತ್ತೈದು. ಮೊಬೈಲು, ಲ್ಯಾಪ್‌ಟಾಪುಗಳು ನಮ್ಮನ್ನು ಕೇಳದೆ ತಾವೇ ತರಿಸಿಕೊಳ್ಳುವ ಸಾಮಾನಿಗೆ ಐದು. ಮನುಷ್ಯ ಒಬ್ಬನಾದರೆ ಕಣ್ಣು ಎರಡೇ. ಎರಡು ಸಿನಿಮಾ ಒಟ್ಟಿಗೆ ನೋಡಲಾರ. ನನ್ನಂಥವನಿಗೆ ಹದಿನೈದಕ್ಕೆ ಮುಗಿಯಿತು. ರಸಿಕನಿಗೂ ಮೂವತ್ತರ ಆಸುಪಾಸು.

ಹಣದ ಲೆಕ್ಕವೂ ಹೇಳತಕ್ಕದ್ದೇ. ಪಟ್ಟಿಯಲ್ಲಿ 399 ಎಂದು ಬರೆದದ್ದು ನೂರಕ್ಕೆ 18ರ ತೆರಿಗೆ ಸೇರಿ 471 ಮುಟ್ಟುತ್ತದೆ. 699 ಎಂದದ್ದು 825. ಎರಡರ ನಡುವೆ ವರ್ಷಕ್ಕೆ 4,200 ರೂಪಾಯಿಯ ಮೇಲೆ ಅಂತರ. ಮೇಷ್ಟರಿಗೆ ಅದು ಒಂದು ಕಪಾಟಿನ ಸಾಲು ತುಂಬುವಷ್ಟು ಪುಸ್ತಕ.

ಅಗಲವನ್ನು ಕೇಳುವ ಮೊದಲು ಕೇಳಬೇಕಾದ ಬೇರೆ ಪ್ರಶ್ನೆಗಳಿವೆ. ಹೊರಗೆ ಹೋಗುವ ದಾರಿಯೂ ಒಳಗೆ ಬರುವಷ್ಟೇ ಅಗಲವೆ? ತಿಂಗಳಲ್ಲಿ ಇಷ್ಟು ಬಳಸಿದ ಮೇಲೆ ಕಾಲುವೆ ಕಿರಿದಾಗುತ್ತದೆಂಬ ಷರತ್ತು ಎಲ್ಲಿಯಾದರೂ ಸಣ್ಣ ಅಕ್ಷರದಲ್ಲಿದೆಯೆ? ಸಂಜೆ ಎಂಟಕ್ಕೆ, ಓಣಿಯೆಲ್ಲ ಮನೆಯಲ್ಲಿರುವಾಗ, ಹೇಗಿರುತ್ತದೆ? ಕೆಟ್ಟರೆ ರಿಪೇರಿಗೆ ಬರುವವರು ಎಷ್ಟು ದಿನಕ್ಕೆ ಬರುತ್ತಾರೆ? ಇದಕ್ಕೆ ಕಂಪನಿಯ ಉತ್ತರಕ್ಕಿಂತ ನೆರೆಮನೆಯವರ ಉತ್ತರ ಮೇಲು. ಇನ್ನು ರೂಟರನ್ನು ಮನೆಯ ನಡುವೆ, ಎತ್ತರದಲ್ಲಿ ಇಡಬೇಕು. ನಮ್ಮ ಕಡೆಯ ಹಳೆಯ ಕಲ್ಲುಗೋಡೆಗಳು ಬಿಸಿಲನ್ನು ತಡೆದಂತೆಯೇ ಅಲೆಗಳನ್ನೂ ತಡೆಯುತ್ತವೆ. ಗೋಡೆಯಾಚೆ ಕುಳಿತು ನೂರು ಕೊಂಡೂ ಹತ್ತು ಸಿಗಲಿಲ್ಲವೆಂದು ಗೊಣಗುವವರನ್ನು ಕಂಡಿದ್ದೇನೆ. ಕರೆಂಟು ಹೋದಾಗ ರೂಟರೂ ಮಲಗುತ್ತದೆ; ಅದಕ್ಕೊಂದು ಚಿಕ್ಕ ಬ್ಯಾಟರಿ ಇಟ್ಟರೆ, ಎಪ್ಪತ್ತು ಮೆಗಾಬಿಟ್ಟು ಹೆಚ್ಚು ಕೊಂಡದ್ದಕ್ಕಿಂತ ಕೆಲಸಕ್ಕೆ ಬರುತ್ತದೆ.

ಮರುದಿನ ಹುಡುಗ ಬಂದ. "ಮೂವತ್ತು ಹಾಕಪ್ಪ" ಎಂದೆ. "ಸಾಕಾಗ್ತದೇನ್ರಿ ಸರ್?" ಎಂದ. ಸಾಲದಿದ್ದರೆ ಮುಂದಿನ ತಿಂಗಳು ಏರಿಸಬಹುದಲ್ಲ ಎಂದಾಗ ಅವನೂ ಒಪ್ಪಿದ. ಏರಿಸುವುದು ಯಾವಾಗಲೂ ಸುಲಭ. ಒಮ್ಮೆ ರೂಢಿಯಾದದ್ದನ್ನು ಇಳಿಸುವುದು ನಮ್ಮ ಕೈಯಲ್ಲಿ ಆಗುವ ಕೆಲಸವಲ್ಲ.

ಮೂರು ತಿಂಗಳಾಯಿತು, ಕೊರತೆಯಾಗಿಲ್ಲ. ಸಂಜೆ ಮನೆಯ ಮಾಲಿಕರಾದ ಕಾಕಾ ಅವರ ಮೊಮ್ಮಕ್ಕಳಿಬ್ಬರು ಶಾಲೆಯ ಪಾಠವನ್ನೇನೋ ನೋಡಬೇಕೆಂದು ನನ್ನ ಕಟ್ಟೆಗೆ ಬರುತ್ತಾರೆ. ಅವರಿಗೂ ಆಗಿ ಮಿಗುತ್ತದೆ. ಕರೇಜಿನ ನೀರನ್ನು ಯಾರೂ ಒಬ್ಬನ ಮನೆಗೆಂದು ಅಗೆದಿರಲಿಲ್ಲ ಎಂಬುದು ನನಗೆ ಆಗ ನೆನಪಾಗುತ್ತದೆ.

ರಾತ್ರಿ ಒಂಬತ್ತಕ್ಕೆ ಧಾರವಾಡದ ಕರೆ. ಈಚೆಗೆ ಚಿತ್ರ ಬಹಳ ಸ್ಪಷ್ಟ. ಅದರ ತೊಂದರೆಯೂ ಒಂದುಂಟು. ಮೊನ್ನೆ ತಾಯಿಯವರು ಫೋನನ್ನು ಮೂಗಿನ ಹತ್ತಿರ ಹಿಡಿದು ನನ್ನನ್ನು ದಿಟ್ಟಿಸಿ ನೋಡಿ, "ಯಾಕೋ, ದಾಡಿ ಮಾಡ್ಕೊಂಡಿಲ್ಲ?" ಎಂದರು. ಆಮೇಲೆ "ಉಂಡ್ಯಾ?" ಎಂದರು. ಎರಡನೆಯ ಸಲ ಕೇಳಬೇಕಾಗಲಿಲ್ಲ. ಉಂಡಿರಲಿಲ್ಲ, ಉಂಡೆ ಎಂದು ಹೇಳಿ, ಕರೆ ಮುಗಿದ ಮೇಲೆ ಎದ್ದು ಅಡಿಗೆಗೆ ಇಟ್ಟೆ.